ಬಿದ್ದು ಒಡೀತೋ, ಬಾಯಾಗ ಒಡೀತೋ? ಹಲ್ಲಿನ ಸೆಟ್ ರಿಪೇರಿ ಮತ್ತು ಅದರ ಖರ್ಚು

(ಧಾರವಾಡದ ಹಿರಿಯ ನಾಗರಿಕರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಕೆಲವು ಭಾಗವನ್ನೂ ಸೇರಿಸಿದೆ.)

ಹಿರಿಯರಿಗೆಲ್ಲ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಡೆಂಟಲ್ ಲ್ಯಾಬ್ ಇಟ್ಟುಕೊಂಡಿರುವ ಟೆಕ್ನಿಷಿಯನ್. ನೀವು ಡಾಕ್ಟರ ಕುರ್ಚಿಯಲ್ಲಿ ಕೂತು ಬಾಯಿ ತೆರೆದು ಅಳತೆ ಕೊಟ್ಟು ಬರುತ್ತೀರಲ್ಲ, ಆ ಅಳತೆ ಬಂದು ಸೇರುವುದು ನಮ್ಮಂಥವರ ಟೇಬಲ್ಲಿಗೆ. 1948ರ ದಂತವೈದ್ಯರ ಕಾಯ್ದೆಯಲ್ಲಿ ನಮಗೆ ‘ಡೆಂಟಲ್ ಮೆಕ್ಯಾನಿಕ್’ ಎಂದು ಹೆಸರು. ಸೆಟ್ ಮಾಡುವವನು, ಸೆಟ್ ರಿಪೇರಿ ಮಾಡುವವನು ಎಂದು ಅಲ್ಲಿ ವಿವರಣೆ. ನಿಮ್ಮ ಬಾಯೊಳಗೆ ಕೈ ಹಾಕುವುದು ಡಾಕ್ಟರ ಕೆಲಸ, ನನ್ನದಲ್ಲ. ಹಾಗಾಗಿ ಇವತ್ತು ನಾನು ಮಾತಾಡುವುದು ಬಾಯಿಯಿಂದ ಹೊರಗೆ ಬಂದ ಮೇಲೆ ಸೆಟ್ಟಿಗೆ ಏನಾಗುತ್ತದೆ, ಅದಕ್ಕೆ ಎಷ್ಟು ದುಡ್ಡು, ಆ ದುಡ್ಡು ಯಾಕೆ ಎನ್ನುವುದರ ಬಗ್ಗೆ.

ಒಡೆದ ಸೆಟ್ಟು ಲ್ಯಾಬಿಗೆ ಬಂದರೆ ಕ್ಲಿನಿಕ್ಕಿಗೆ ಫೋನ್ ಮಾಡಿ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಬಿದ್ದು ಒಡೀತೋ, ಬಾಯಾಗ ಒಡೀತೋ? ಮಿಕ್ಕ ಲೆಕ್ಕವೆಲ್ಲ ಆಮೇಲೆ. ಬಿದ್ದು ಒಡೆದದ್ದಾದರೆ ಒಡೆದಿರುವುದು ಸೆಟ್ಟು ಮಾತ್ರ. ಬಾಯಲ್ಲಿದ್ದಾಗಲೇ ಒಡೆಯಿತು ಎಂದರೆ ಬಹುಮಟ್ಟಿಗೆ ಸೆಟ್ಟಿನ ಕೆಳಗಿನ ಒಸಡೂ ಎಲುಬೂ ಬದಲಾಗಿವೆ, ಸೆಟ್ಟು ಅದನ್ನು ತಡೆದುಕೊಳ್ಳಲಾಗದೆ ಬಿಟ್ಟುಕೊಟ್ಟಿದೆ. ಮೊದಲನೆಯದಕ್ಕೆ ಕೆಲವು ನೂರು ರೂಪಾಯಿ ಸಾಕು. ಎರಡನೆಯದಕ್ಕೆ ಅಷ್ಟೇ ಕೊಟ್ಟು ಕೈತೊಳೆದುಕೊಂಡರೆ ಆ ದುಡ್ಡು ಹೊಳೆಗೆ ಹಾಕಿದ ಹಾಗೆ. ನಮ್ಮ ಜನ ಹಲ್ಲಿನ ಸೆಟ್ಟಿಗೆ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಬೀಳುವ ಸೆಟ್ಟಿನ ಕಥೆ ಚಿಕ್ಕದು. ಬೆಳಿಗ್ಗೆ ಮುಖ ತೊಳೆಯುವ ಹೊತ್ತು, ಕೈಗೆ ಸೋಪಿನ ಜಾರು, ಕೆಳಗೆ ಪಿಂಗಾಣಿ ಸಿಂಕು ಇಲ್ಲವೇ ಬಚ್ಚಲ ಕಲ್ಲು. ಹೀಗೆ ಒಡೆಯುವುದು ಬಹುಮಟ್ಟಿಗೆ ಕೆಳಗಿನ ಸೆಟ್ಟು. ಲಾಳದ ಆಕಾರ, ನಡುವೆ ಸಣಕಲು. ಎರಡು ತುಂಡಾದರೂ ಒಡೆದ ಅಂಚು ಚೊಕ್ಕ ಇರುತ್ತದೆ, ಹಿಡಿದರೆ ಕೂದಲೆಳೆ ಸಂದಿಲ್ಲದೆ ಕೂಡಿಕೊಳ್ಳುತ್ತದೆ. ನಿನ್ನೆಯವರೆಗೆ ಬಾಯಲ್ಲಿ ಸರಿಯಾಗಿ ಕೂತಿದ್ದ ಸೆಟ್ಟು ರಿಪೇರಿ ಆದಮೇಲೆಯೂ ಹಾಗೆಯೇ ಕೂಡುತ್ತದೆ. ಇಂಥದ್ದಕ್ಕೆ ಯಾರಾದರೂ ‘ಹೊಸದೇ ಮಾಡಿಸಿ’ ಅಂದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಬಾಯಲ್ಲಿ ಒಡೆಯುವುದು ಹೆಚ್ಚಾಗಿ ಮೇಲಿನ ಸೆಟ್ಟು. ಅದೂ ಎಲ್ಲೆಂದರಲ್ಲಿ ಅಲ್ಲ. ಎದುರಿನ ಎರಡು ಹಲ್ಲುಗಳ ನಡುವಿನಿಂದ ಶುರುವಾಗಿ ಅಂಗುಳದ ಮೇಲೆ ನೇರ ಹಿಂದಕ್ಕೆ ಹೋಗುವ ಗೆರೆ. ಲ್ಯಾಬಿಗೆ ಬರುವ ಮೇಲಿನ ಸೆಟ್ಟುಗಳಲ್ಲಿ ಈ ಒಡಕು ಎಷ್ಟು ಸಾಮಾನ್ಯ ಅಂದರೆ, ಡಬ್ಬಿ ತೆರೆಯುವ ಮೊದಲೇ ಊಹೆ ಮಾಡಬಹುದು. ನವಲಗುಂದದ ಕಡೆಯ ಒಬ್ಬ ಹಿರಿಯರು ಬಹಳ ಸಿಟ್ಟಿನಲ್ಲಿ ಹೇಳಿದ್ದರು: “ಕಡಕ್ ರೊಟ್ಟಿ ತಿಂದು ಒಡದಿದ್ರ ಸುಮ್ನಿರ್ತಿದ್ದೆ. ಬಾಳೆಹಣ್ಣು ತಿನ್ನೂಮುಂದ ಒಡೀತ್ರಿ. ಬಾಳೆಹಣ್ಣಿಗೆ ಒಡ್ಯೂದು ಅದೊಂದು ಸೆಟ್ಟೇನ್ರಿ?”

ಬಾಳೆಹಣ್ಣಿನ ತಪ್ಪೂ ಇಲ್ಲ, ಸೆಟ್ಟಿನ ತಪ್ಪೂ ಇಲ್ಲ. ತಂತಿಯನ್ನು ಒಂದೇ ಕಡೆ ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ಬೆರಳ ತುದಿಯ ಬಲಕ್ಕೇ ತುಂಡಾಗುತ್ತದಲ್ಲ, ಹಾಗೆ. ಹಲ್ಲು ಹೋದ ಮೇಲೆ ಆ ಜಾಗದ ಎಲುಬು ಸವೆಯುತ್ತಾ ಹೋಗುತ್ತದೆ. ಇದು ರೋಗವಲ್ಲ, ಹಲ್ಲು ತೆಗೆಸಿದ ಪ್ರತಿಯೊಬ್ಬರಿಗೂ ಆಗುವಂಥದ್ದು. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲುವುದಿಲ್ಲ. ಆಂಟ್ಯೆ ಟಾಲ್ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರ ದವಡೆಯನ್ನು 25 ವರ್ಷ ಕಾಲ ಗಮನಿಸಿ 1972ರಲ್ಲಿ ಬರೆದದ್ದು ಇವತ್ತಿಗೂ ದಂತ ವಿದ್ಯಾರ್ಥಿಗಳಿಗೆ ಪಾಠ: ಮುಂಭಾಗದಲ್ಲಿ ಕೆಳದವಡೆಯ ಎಲುಬು ಮೇಲಿನದರ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಕೆಳಗಿನ ಸೆಟ್ಟು ಕುಣಿಯುತ್ತದೆ ಎಂದು ಎಲ್ಲರೂ ಗೋಳಾಡುವುದು ಸುಮ್ಮನೆ ಅಲ್ಲ.

ಮೇಲಿನ ದವಡೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಹಲ್ಲಿದ್ದ ಸಾಲಿನ ಎಲುಬು ತಗ್ಗುತ್ತದೆ, ಆದರೆ ಅಂಗುಳದ ನಡುಗೆರೆಯ ಗಟ್ಟಿ ಎಲುಬು ಅಷ್ಟಾಗಿ ತಗ್ಗುವುದಿಲ್ಲ. ವರ್ಷಗಳು ಕಳೆದಂತೆ ಸೆಟ್ಟು ಎರಡೂ ಬದಿಯಲ್ಲಿ ಆಧಾರ ಕಳೆದುಕೊಂಡು ನಡುವಿನ ಆ ದಿಬ್ಬದ ಮೇಲೆ ಕೂತುಬಿಡುತ್ತದೆ. ಪ್ರತಿ ಸಲ ಜಗಿದಾಗಲೂ ಬದಿಗಳು ಕೆಳಗಿನಿಂದ ಒತ್ತಿಸಿಕೊಂಡು ಮೇಲಕ್ಕೆ ಬಾಗುತ್ತವೆ, ನಡುವೆ ಎಳೆತ. ಜೊತೆಗೆ ಮೇಲ್ದುಟಿಯ ಒಳಗೆ ನಟ್ಟನಡುವೆ ಒಂದು ಸಣ್ಣ ಪೊರೆ ಇದೆ, ನಾಲಿಗೆ ಆಡಿಸಿದರೆ ಸಿಗುತ್ತದೆ. ಅದಕ್ಕೆ ಜಾಗ ಬಿಡಲೆಂದು ಸೆಟ್ಟಿನ ಅಂಚಿನಲ್ಲಿ ಒಂದು ಕಚ್ಚು ಕೊಟ್ಟಿರುತ್ತೇವೆ. ಕೊಡದಿದ್ದರೆ ಹುಣ್ಣಾಗುತ್ತದೆ, ಕೊಟ್ಟರೆ ಬಿರುಕು ಶುರುವಾಗುವುದೇ ಅಲ್ಲಿಂದ. ಕೂದಲೆಳೆಯ ಬಿರುಕು ತಿಂಗಳುಗಟ್ಟಲೆ ಹಿಂದಕ್ಕೆ ಹರಿಯುತ್ತಾ ಹೋಗಿರುತ್ತದೆ. ಆ ದಿನ ಬಾಯಲ್ಲಿ ಏನಿತ್ತೋ ಅದರ ಮೇಲೆ ಅಪವಾದ.

ಇನ್ನೂ ಒಂದು ಕಾರಣ ಹೇಳಿ ಮುಂದೆ ಹೋಗುತ್ತೇನೆ. ಕೆಲವರಿಗೆ ಮೇಲೆ ಪೂರ್ತಿ ಸೆಟ್ಟು, ಕೆಳಗೆ ಮುಂದಿನ ಐದಾರು ಸ್ವಂತ ಹಲ್ಲು ಗಟ್ಟಿಯಾಗಿ ಉಳಿದಿರುತ್ತವೆ. ಅವು ಮೇಲಿನ ಸೆಟ್ಟಿನ ಮುಂಭಾಗಕ್ಕೆ ಸುತ್ತಿಗೆ ಪೆಟ್ಟು ಕೊಡುತ್ತಲೇ ಇರುತ್ತವೆ. ಇಂಥವರ ಸೆಟ್ಟು ಎಷ್ಟು ಸಲ ಜೋಡಿಸಿದರೂ ತಿರುಗಿ ಬರುತ್ತದೆ. ಅದಕ್ಕೆ ಬೇಕಾದದ್ದು ಬೇರೆ ಉಪಾಯ, ಅದನ್ನು ಡಾಕ್ಟರೇ ಮಾಡಬೇಕು.

ಮನೆಯಲ್ಲಿ ನೀವೇ ನೋಡಿಕೊಳ್ಳಬಹುದು. ಸೆಟ್ಟನ್ನು ತೊಳೆದು ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಒದ್ದೆಯಿದ್ದಾಗ ಬಿರುಕು ಕಾಣುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಎದುರು ಹಲ್ಲುಗಳ ಹಿಂದೆ ನೋಡಿ, ಉಗುರಿನ ತುದಿ ಅಡ್ಡ ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಬಿರುಕಿರುವಾಗ ಬಂದ ಸೆಟ್ಟನ್ನು ರಿಪೇರಿ ಮಾಡುವುದು ನನಗೂ ಸಲೀಸು, ಎರಡು ತುಂಡಾದದ್ದನ್ನು ಜೋಡಿಸುವಾಗ ಇರುವಂತೆ ಒಂದು ಎಳೆ ಆಚೀಚೆ ಆಗುವ ಭಯವೂ ಇಲ್ಲ. ಒಡೆದ ಸೆಟ್ಟನ್ನು ‘ಸಂಜೆತನಕ ನಡಿಯಲಿ’ ಎಂದು ಬಾಯಲ್ಲಿ ಇಟ್ಟುಕೊಳ್ಳಬೇಡಿ. ತುಂಡು ಗಂಟಲಿಗಿಳಿದರೆ ಹುಡುಕುವುದು ಕಷ್ಟ. ಸೆಟ್ಟಿನ ಬುಡ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಈಗ ಗಮ್ಮಿನ ವಿಷಯ. ನಗಬೇಡಿ, ಇಲ್ಲಿ ಕೂತವರಲ್ಲೂ ಹಚ್ಚಿದವರು ಇದ್ದೇ ಇರುತ್ತೀರಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಆ ಸಣ್ಣ ಟ್ಯೂಬಿನ ಗಮ್ಮು ‘ವಿಷ’ ಎಂದು ಹೆದರುವವರಿದ್ದಾರೆ, ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿದೆ. ಅದು ಕ್ಷಣದಲ್ಲಿ ಹಿಡಿದುಬಿಡುತ್ತದೆ. ಅಷ್ಟರಲ್ಲಿ ಮೊಮ್ಮಗನ ಕೈ ಅಲುಗಿದರೆ ತುಂಡುಗಳು ಕೂದಲಷ್ಟು ಸೊಟ್ಟಗೆ ಕೂಡುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಒಸಡಿಗೆ ಕಾಣುತ್ತದೆ. ಎರಡು ದಿನದಲ್ಲಿ ಹುಣ್ಣು. ಬಾಯಿಯ ನೀರು, ಚಹಾದ ಬಿಸಿಗೆ ಗಮ್ಮು ಬಿಡುತ್ತದೆ, ತಿರುಗಿ ಹಚ್ಚುತ್ತಾರೆ. ನನ್ನ ಕೈಗೆ ಬರುವ ಹೊತ್ತಿಗೆ ಒಡೆದ ಅಂಚಿನ ಮೇಲೆ ಗಾಜಿನಂಥ ಪದರ ಕೂತಿರುತ್ತದೆ. ಅದನ್ನು ತಿಕ್ಕಿ ತೆಗೆದರೆ ಅಂಚೂ ಹೋಗುತ್ತದೆ. ತುಂಡುಗಳು ಒಂದಕ್ಕೊಂದು ಹೊಂದುವ ಗುರುತೇ ಇಲ್ಲ. 700 ರೂಪಾಯಿಯ ಕೆಲಸ ಹೊಸ ಸೆಟ್ಟಿನ ಕೆಲಸವಾಗುವುದು ಹೀಗೆ. ಒಡೆದ ದಿನ ತುಂಡುಗಳನ್ನೆಲ್ಲ, ಅಕ್ಕಿಕಾಳಷ್ಟು ಚೂರು ಸಹ, ಒಂದು ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಬಿಡಿ. ನೀವು ಮಾಡಬೇಕಾದ ರಿಪೇರಿ ಅಷ್ಟೇ.

ನಾವು ಮಾಡುವುದು ಏನು ಎಂದು ಹೇಳುತ್ತೇನೆ. ‘ಅರ್ಧ ತಾಸಿನ ಕೆಲಸಕ್ಕ ಅಷ್ಟ್ ರೊಕ್ಕ ಯಾಕ್ರಿ’ ಎನ್ನುವ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ತುಂಡುಗಳನ್ನು ತೊಳೆದು ಒಣಗಿಸಿ, ಕೂಡಿಸಿ ಹಿಡಿದು, ಹೊಳಪಿನ ಮೈಯ ಕಡೆ ಗಟ್ಟಿ ಅಂಟುಮೇಣ ಕರಗಿಸಿ ಹನಿಸುತ್ತೇವೆ. ಹಲ್ಲಿನ ಮೇಲೆ ಅಡ್ಡಲಾಗಿ ಒಂದು ಹಳೆಯ ಬರ್ (ಕೊರೆಯುವ ಸಣ್ಣ ಮೊನೆ) ಇಲ್ಲವೇ ಕಡ್ಡಿ ಇಟ್ಟು ಮೇಣದಿಂದ ಬಿಗಿಯುತ್ತೇವೆ, ಅಲುಗಬಾರದು. ಆಮೇಲೆ ಒಸಡಿಗೆ ತಾಗುವ ಒಳಮೈಗೆ ಸ್ಟೋನ್ ಪ್ಲಾಸ್ಟರ್ ಸುರಿಯುತ್ತೇವೆ. ಅದು ಗಟ್ಟಿಯಾದ ಮೇಲೆ ನಿಮ್ಮ ಒಸಡಿನ ಪ್ರತಿರೂಪ ನಮ್ಮ ಮೇಜಿನ ಮೇಲೆ ಸಿಕ್ಕಂತಾಯಿತು. ಇನ್ನು ತುಂಡುಗಳು ಎಲ್ಲಿ ಕೂಡಬೇಕು ಎಂದು ಆ ಅಚ್ಚೇ ಹೇಳುತ್ತದೆ.

ಮುಂದಿನ ಹಂತ ನೋಡಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಒಡೆದ ಅಂಚನ್ನು ಮೈಕ್ರೋಮೋಟರ್ ಹಿಡಿದು ಇನ್ನಷ್ಟು ಕೊರೆಯುತ್ತೇವೆ. ಎರಡು ತುಂಡಿನ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಡಿಸಿ, ಅಂಚನ್ನು ಇಳಿಜಾರು ಮಾಡುತ್ತೇವೆ. ಬರೀ ಒಡೆದ ಗೆರೆಗೆ ರಾಳ (ಪುಡಿ, ದ್ರವ ಬೆರೆತು ಗಟ್ಟಿಯಾಗುವ ಅಕ್ರಿಲಿಕ್) ಸವರಿದರೆ ಹಿಡಿಯುವುದಿಲ್ಲ, ಹೊಸ ರಾಳಕ್ಕೆ ಮೈ ಬೇಕು. ಅಚ್ಚಿಗೆ ಅಂಟದಂತೆ ದ್ರವ ಸವರಿ, ತುಂಡುಗಳನ್ನು ಅಚ್ಚಿನ ಮೇಲೆ ಕೂರಿಸಿ, ಕೊರೆದ ಅಂಚಿಗೆ ಬ್ರಷ್ಷಿನಿಂದ ಮೊನೊಮರ್ ಹಚ್ಚುತ್ತೇವೆ. ಅದು ನೀರಿನಂಥ ದ್ರವ, ಮೂಗಿಗೆ ಘಾಟು ಬಡಿಯುತ್ತದೆ. ನಮ್ಮ ಲ್ಯಾಬಿನ ಮೆಟ್ಟಿಲು ಹತ್ತುವವರಿಗೆ ಮೊದಲು ಸಿಗುವುದೇ ಆ ವಾಸನೆ. ಹಚ್ಚಿ ಸುಮಾರು ಮೂರು ನಿಮಿಷ ಹಸಿಯಾಗಿಯೇ ಇಡಬೇಕು. ಹಳೆಯ ಅಕ್ರಿಲಿಕ್ಕಿನ ಮೇಲ್ಪದರ ಅಷ್ಟರಲ್ಲಿ ಮೆತ್ತಗಾಗಿ ಹೊಸದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅವಸರದ ರಿಪೇರಿ ಕೈಕೊಡುವುದು ಈ ಮೂರು ನಿಮಿಷದಲ್ಲಿ. ಆಮೇಲೆ ಗುಲಾಬಿ ಪುಡಿ, ಅದರ ಮೇಲೆ ದ್ರವದ ಹನಿ, ಮತ್ತೆ ಪುಡಿ. ಸಂದು ತುಂಬಿ ಸ್ವಲ್ಪ ಉಬ್ಬುವವರೆಗೆ. ಅಚ್ಚಿನ ಸಮೇತ ಬೆಚ್ಚಗಿನ ನೀರಿರುವ ಪ್ರೆಶರ್ ಪಾಟಿನಲ್ಲಿ ಮುಚ್ಚಿ ಗಾಳಿಯ ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ. ಒತ್ತಡ ಇಲ್ಲದಿದ್ದರೆ ಒಳಗೆ ಗುಳ್ಳೆ ಉಳಿಯುತ್ತವೆ. ಗುಳ್ಳೆ ಅಂದರೆ ನಾಳೆಯ ಬಿರುಕು, ಮತ್ತು ಬಾಯಿ ವಾಸನೆಗೂ ಮನೆ.

ಕೊನೆಗೆ ಉಬ್ಬನ್ನು ತೀಡಿ, ಮರಳು ಕಾಗದ ಆಡಿಸಿ, ಲೇಥಿನ ಮೇಲೆ ಪ್ಯೂಮಿಸ್ ಪುಡಿಯಿಂದ ಪಾಲಿಶ್. ಒಳಮೈಯನ್ನು ಮಾತ್ರ ಪಾಲಿಶ್ ಮಾಡುವಂತಿಲ್ಲ. ಅಲ್ಲಿ ಎಳೆಯಷ್ಟು ಸವೆದರೂ ಹಿಡಿತ ಹೋಗುತ್ತದೆ. ಒಂದು ರಾತ್ರಿ ನೀರಿನಲ್ಲಿ ಬಿದ್ದಿರಲಿ ಎನ್ನುತ್ತೇವೆ. ಉಳಿದ ಮೊನೊಮರ್ ನೀರಿಗೆ ಬಿಡಲಿ ಎಂದು. ಸಂಜೆಯೇ ಬೇಕೆಂದು ಹಟ ಮಾಡಿ ಒಯ್ದವರಲ್ಲಿ ಕೆಲವರಿಗೆ ಬಾಯಿ ಉರಿಯುತ್ತದೆ.

ಹೊಸ ಸೆಟ್ಟನ್ನು ನಾವು ಮಾಡುವುದು ಬೇರೆ ಬಗೆಯಲ್ಲಿ, ಬಿಸಿನೀರಿನಲ್ಲಿ ತಾಸುಗಟ್ಟಲೆ ಬೇಯಿಸಿ. ಸಾಮಾನ್ಯ ಪದ್ಧತಿಯಲ್ಲಿ 74 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಂಟು ತಾಸಿನವರೆಗೆ. ‘ರಿಪೇರಿಯನ್ನೂ ಹಂಗ ಕುದಿಸಿ ಗಟ್ಟಿ ಮಾಡ್ರಿ’ ಎಂದು ಕೇಳುವವರಿದ್ದಾರೆ. ಹಳೆಯ ಸೆಟ್ಟನ್ನು ಮತ್ತೆ ಅಷ್ಟು ಬಿಸಿಗೆ ಹಾಕಿದರೆ ಅದು ಸೊಟ್ಟಾಗುವ ಅಪಾಯ ಇದೆ. ಅದಕ್ಕೇ ತಣ್ಣಗೆ ಗಟ್ಟಿಯಾಗುವ ರಾಳ. ಇದರ ಬೆಲೆಯೂ ಇದೆ: ಜೋಡಿಸಿದ ಜಾಗದ ಬಲ ಮೊದಲಿನ ಬಲದ ಮುಕ್ಕಾಲು ಪಾಲನ್ನೂ ಮುಟ್ಟುವುದಿಲ್ಲ. ಯಾವ ಲ್ಯಾಬಿನವನಾದರೂ ‘ಹೊಸದಕ್ಕಿಂತ ಗಟ್ಟಿ ಮಾಡಿಕೊಡುತ್ತೇನೆ’ ಅಂದರೆ ನಂಬಬೇಡಿ. ಎರಡನೇ ಸಲ ಅದೇ ಜಾಗದಲ್ಲಿ ಒಡೆದ ಸೆಟ್ಟಿಗೆ ಒಳಗೆ ಲೋಹದ ಜಾಲರಿ ಇಲ್ಲವೇ ಗಾಜಿನ ನಾರು ಹುದುಗಿಸುತ್ತೇವೆ, ಅದು ಸ್ವಲ್ಪ ತಾಳುತ್ತದೆ.

ಇನ್ನು ರೊಕ್ಕ. ನಾನು ಹೇಳುವುದು ನಮ್ಮ ಅವಳಿ ನಗರದಲ್ಲಿ, ಗದಗ ಹಾವೇರಿ ಕಡೆಯ ಖಾಸಗಿ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದರ. ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಉದುರಿದ ಒಂದು ಹಲ್ಲನ್ನು ಮತ್ತೆ ಕೂರಿಸಲು 300ರಿಂದ 700 ರೂಪಾಯಿ. ಬಿರುಕು ಅಥವಾ ಎರಡು ತುಂಡಾದದ್ದಕ್ಕೆ 500ರಿಂದ 1,500. ಜಾಲರಿ ಹಾಕಿದರೆ ಇನ್ನು ಐನೂರು ಸಾವಿರ ಮೇಲೆ. ಒಳಮೈಯನ್ನು ಈಗಿನ ಒಸಡಿಗೆ ತಕ್ಕಂತೆ ಹೊಸದಾಗಿ ತುಂಬಿಸುವುದಿದೆ, ರಿಲೈನಿಂಗ್ ಅಂತಾರೆ. ಅದಕ್ಕೆ ಒಂದು ದವಡೆಗೆ 1,500ರಿಂದ 4,000. ಮೇಲೆ ಕೆಳಗೆ ಸೇರಿ ಸಾದಾ ಅಕ್ರಿಲಿಕ್ಕಿನ ಹೊಸ ಸೆಟ್ಟಿಗೆ 10,000ದಿಂದ 25,000.

ಇದರಲ್ಲಿ ಪುಡಿ, ದ್ರವ, ಪ್ಲಾಸ್ಟರಿನ ಪಾಲು ತೀರ ಸಣ್ಣದು. ಮಿಕ್ಕದ್ದು ಕೈಕೆಲಸ, ಸೆಟ್ಟು ಒಯ್ದು ತರುವ ಹುಡುಗನ ಓಡಾಟ, ಕರೆಂಟು, ಮತ್ತು ಡಾಕ್ಟರ ಕುರ್ಚಿಯ ಹೊತ್ತು. ಈ ಕೊನೆಯದನ್ನು ಉಳಿಸಬೇಕೆಂದು ಕೆಲವರು ನೇರ ಲ್ಯಾಬಿಗೆ ಬರುತ್ತಾರೆ. “ನೀವ ಮಾಡೂದು ಅಂದಮ್ಯಾಲ ನಡುವ ಡಾಕ್ಟರ್ ಯಾಕ್ರಿ?” ತುಂಡು ಕೂಡಿಸುವುದು ನಾನು, ನಿಜ. ಆದರೆ ಕೂಡಿಸಿದ್ದು ನಿಮ್ಮ ಬಾಯಲ್ಲಿ ಹೇಗೆ ಕೂತಿತು, ಮೇಲೆ ಕೆಳಗೆ ಹಲ್ಲು ಒಂದೇ ಹೊತ್ತಿಗೆ ತಾಗುತ್ತಿವೆಯೋ, ಒಂದು ಬದಿ ಮೊದಲು ತಾಗುತ್ತಿದೆಯೋ ಎನ್ನುವುದು ನನಗೆ ಗೊತ್ತಾಗುವುದಿಲ್ಲ. ಒಂದು ಬದಿ ಎತ್ತರವಿದ್ದರೆ ತಿಂಗಳೊಪ್ಪತ್ತಿನಲ್ಲಿ ಅದೇ ಗೆರೆ ಮತ್ತೆ ಬಿಡುತ್ತದೆ. ಹುಣ್ಣಿದ್ದರೆ ನೋಡುವವರೂ ಅವರೇ. ತಂಬಾಕು, ಗುಟ್ಕಾ ಇರುವ ನಮ್ಮ ಸೀಮೆಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣನ್ನು ‘ಸೆಟ್ಟು ತಿಕ್ಕಿ ಆಗೇದ’ ಎಂದು ಬಿಡಬಾರದು.

ಈಗ ಮೊದಲಿನ ಪ್ರಶ್ನೆಗೆ ಬನ್ನಿ. ಎಂಟು ಹತ್ತು ವರ್ಷದ ಸೆಟ್ಟು, ಮಾತಾಡುವಾಗ ಮೇಲಿನದು ಜಾರುತ್ತದೆ, ಬಾಯಲ್ಲೇ ಎರಡಾಯಿತು. 800 ಕೊಟ್ಟು ಜೋಡಿಸಿದಿರಿ. ದೀಪಾವಳಿಗೆ ಒಡೆಯಿತು, ಮತ್ತೆ 800. ಯುಗಾದಿಗೆ ಮತ್ತೆ. 2,400 ಹೋಯಿತು, ಸೆಟ್ಟು ಇದ್ದಲ್ಲೇ ಇದೆ, ಅಂಗುಳದ ದಿಬ್ಬದ ಮೇಲೆ. ಅದೇ ಮೊದಲ ಸಲವೇ ಜೋಡಿಸಿ ರಿಲೈನಿಂಗ್ ಮಾಡಿಸಿದ್ದರೆ ಹೆಚ್ಚುಕಡಿಮೆ ಅಷ್ಟೇ ಖರ್ಚು, ಒಡೆಯುವ ಕಾರಣವೂ ಹೋಗುತ್ತಿತ್ತು. ಅದೂ ಸೆಟ್ಟಿನ ಹಲ್ಲು ಇನ್ನೂ ಜಗಿಯುವಂತಿದ್ದರೆ ಮಾತ್ರ. ಹಲ್ಲು ಸವೆದು ಚಪ್ಪಟೆಯಾಗಿ, ಮೂಗು ಗದ್ದ ಹತ್ತಿರ ಬಂದಿದ್ದರೆ ರಿಲೈನಿಂಗಿಗೂ ದುಡ್ಡು ಹಾಕಬೇಡಿ ಎನ್ನುತ್ತೇನೆ. ಅಂಥ ಕಡೆ ಡಾಕ್ಟರು ‘ಹೊಸದು’ ಅಂದರೆ ಅದು ದುಡ್ಡಿನ ಆಸೆ ಅಲ್ಲ. ಲ್ಯಾಬಿನವನಾಗಿ ಇದನ್ನು ಹೇಳುವುದು ನನ್ನ ವ್ಯಾಪಾರಕ್ಕೆ ಅನುಕೂಲ ಎಂದು ನೀವು ಅನುಮಾನ ಪಡಬಹುದು, ಪಡಿ. ಆದರೂ ಹೊಸ ಸೆಟ್ಟು ಬಂದ ಮೇಲೆ ಹಳೆಯದನ್ನು ಜೋಡಿಸಿ ಇಟ್ಟುಕೊಳ್ಳಿ. ಹೊಸದು ರಿಪೇರಿಗೆ ಹೋದ ದಿನ ಬೋಳು ಬಾಯಲ್ಲಿ ಲಗ್ನಕ್ಕೆ ಹೋಗುವುದು ತಪ್ಪುತ್ತದೆ.

ಎಲ್ಲ ಸೆಟ್ಟೂ ಒಂದೇ ಅಲ್ಲ. ಕೊಳ್ಳುವಾಗಲೇ ರಿಪೇರಿಯ ಬಗ್ಗೆ ಕೇಳಿಕೊಳ್ಳಬೇಕು, ಯಾರೂ ಕೇಳುವುದಿಲ್ಲ. ಬಾಗುವ, ಮೆತ್ತನೆಯ, ‘ಒಡೆಯುವುದೇ ಇಲ್ಲ’ ಎಂದು ಕೊಡುವ ಫ್ಲೆಕ್ಸಿಬಲ್ ಸೆಟ್ಟು ನೈಲಾನ್ ಜಾತಿಯದು. ಅದು ಒಡೆಯುವುದು ಕಡಿಮೆ, ಖರೆ. ಆದರೆ ನಮ್ಮ ಗುಲಾಬಿ ಪುಡಿ ಅದಕ್ಕೆ ಅಂಟುವುದಿಲ್ಲ. ಪಕ್ಕದ ಇನ್ನೊಂದು ಸ್ವಂತ ಹಲ್ಲು ಬಿದ್ದು ಅದನ್ನೂ ಸೇರಿಸಬೇಕಾದಾಗ, ಸೆಟ್ಟಿನ ಹಲ್ಲುದುರಿದಾಗ ಫಜೀತಿ. ಇಂಜೆಕ್ಷನ್ ಯಂತ್ರ ಇರುವ ಲ್ಯಾಬಿಗೇ ಹೋಗಬೇಕು, ಎಷ್ಟೋ ಸಲ ಹೊಸದೇ ಆಗುತ್ತದೆ. ಸಾದಾ ಅಕ್ರಿಲಿಕ್ಕಿನ ಅರ್ಧ ಸೆಟ್ಟಿಗಾದರೆ ಹಲ್ಲು ಸೇರಿಸುವುದು, ಮುರಿದ ತಂತಿಕೊಕ್ಕೆ ಬದಲಿಸುವುದು ಸುಲಭ. ಅದಕ್ಕೆ ಸೆಟ್ಟನ್ನು ಬಾಯಲ್ಲಿಟ್ಟೇ ಡಾಕ್ಟರು ಅಳತೆ ತೆಗೆದು ಕಳಿಸಬೇಕು, ಬರೀ ಸೆಟ್ಟು ಸಾಲದು. ಕೋಬಾಲ್ಟ್ ಕ್ರೋಮಿಯಂ ಲೋಹದ ಸೆಟ್ಟು ಮುರಿದರೆ ಬೆಸುಗೆ ಬೇಕು, ಅದು ದೊಡ್ಡ ಲ್ಯಾಬಿನ ಕೆಲಸ. ಪಿಂಗಾಣಿ ಹಲ್ಲಿನ ಹಳೆಯ ಸೆಟ್ಟು ಈಗ ಅಪರೂಪ. 1937ರ ಸುಮಾರಿಗೆ ಅಕ್ರಿಲಿಕ್ ಬರುವ ಮೊದಲು ಸೆಟ್ಟಿನ ಬುಡ ಹೆಚ್ಚಾಗಿ ಗಟ್ಟಿ ರಬ್ಬರಿನದು, ಒಡೆದರೆ ಅದನ್ನು ಮತ್ತೆ ಗಂಧಕದ ರಬ್ಬರು ಸೇರಿಸಿ ಬೇಯಿಸಬೇಕಿತ್ತು. ನಾವು ಸುಖದ ಕಾಲದಲ್ಲಿದ್ದೇವೆ.

ಕೈಯಲ್ಲಿ ರೊಕ್ಕ ಕಡಿಮೆ ಇದ್ದವರಿಗೆ ದಾರಿ ಇದೆ. ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ದಂತ ಕಾಲೇಜು ಇದೆ, ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ ಹೋಗಿ ಇಳಿಯಬಹುದು. ಯಾವ ದಂತ ಕಾಲೇಜಿನಲ್ಲೇ ಆಗಲಿ ಕಲಿಯುವ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾರೆ, ದರ ಹೊರಗಿಗಿಂತ ಕಡಿಮೆ. ಓಡಾಟ ಹೆಚ್ಚು, ಸರದಿಯಲ್ಲಿ ಕೂಡುವ ತಾಳ್ಮೆ ಬೇಕು. ಅವರು ಒಂದೊಂದು ಹಂತವನ್ನೂ ತೋರಿಸಿ ಸಹಿ ಹಾಕಿಸಿಕೊಂಡೇ ಮುಂದೆ ಹೋಗಬೇಕಾದ್ದರಿಂದ ಕೆಲಸ ನಿಧಾನ, ಆದರೆ ಅಚ್ಚುಕಟ್ಟು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ಟು ಕಟ್ಟಿಸಿಕೊಡಲು ರಾಜ್ಯ ಸರ್ಕಾರ ತಂದದ್ದು ‘ದಂತ ಭಾಗ್ಯ’ ಯೋಜನೆ. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಕಾರ್ಡು ಹಿಡಿದು ಹೋಗಿ ವಿಚಾರಿಸಿ. ಒಡೆದ ಹಳೆಯ ಸೆಟ್ಟನ್ನೂ ಜೊತೆಗೆ ಒಯ್ಯಿರಿ, ಅದನ್ನು ನೋಡಿದರೆ ಡಾಕ್ಟರಿಗೆ ಬಹಳ ತಿಳಿಯುತ್ತದೆ.

ನನ್ನ ಮಾತು ಇಷ್ಟು. ಇನ್ನು ನೀವು ಕೇಳಿ.

*

“ಬಿಸಿನೀರಾಗ ಹಾಕಿದ್ರ ಸ್ವಚ್ಛ ಆಗ್ತೈತಿ ಅಂತ ನಮ್ಮನ್ಯಾಗ ಕುದಿಯೂ ನೀರ ಹಾಕ್ತಾರ್ರಿ.”

ಬೇಡ ಅಜ್ಜಾರ. ಕುದಿಯುವ ನೀರು ಸೆಟ್ಟಿನ ಆಕಾರ ಕೆಡಿಸುತ್ತದೆ. ಸಾದಾ ನೀರು, ಮೆತ್ತನೆಯ ಬ್ರಷ್ಷು, ಕೈತೊಳೆಯುವ ಸೋಪು ಸಾಕು. ಟೂತ್‌ಪೇಸ್ಟೂ ಬೇಡ, ಅದರೊಳಗಿನ ತಿಕ್ಕುಪುಡಿಗೆ ಅಕ್ರಿಲಿಕ್ಕಿನ ಮೇಲೆ ಗೀರು ಬೀಳುತ್ತದೆ. ಗೀರಿನಲ್ಲಿ ಎಲೆ ಅಡಿಕೆಯ ಕೆಂಪು ಕೂತರೆ ಹೋಗುವುದಿಲ್ಲ. ತೊಳೆಯುವಾಗ ಸಿಂಕಿನಲ್ಲಿ ಅರ್ಧ ನೀರು ನಿಲ್ಲಿಸಿ ಇಲ್ಲವೇ ಬುಟ್ಟಿಯಲ್ಲಿ ಟವೆಲ್ ಹಾಸಿ. ಬಿದ್ದರೂ ಒಡೆಯುವುದಿಲ್ಲ. ರಾತ್ರಿ ತೆಗೆದು ನೀರಿನಲ್ಲಿಡಿ, ಒಸಡಿಗೂ ಬಿಡುವು ಬೇಕು.

“ರಿಪೇರಿ ಆದಮ್ಯಾಲ ಕಡಕ್ ರೊಟ್ಟಿ ತಿನ್ನಬಹುದೇನ್ರಿ?”

ಜಗಿಯಬಹುದು ಅಕ್ಕಾರ, ಕಚ್ಚಬಾರದು. ಎದುರು ಹಲ್ಲಿನಿಂದ ಕಚ್ಚಿ ಎಳೆದರೆ ಆ ನಡುಗೆರೆಗೇ ಪೆಟ್ಟು. ರೊಟ್ಟಿ ಮುರಿದು ಪಲ್ಯದಲ್ಲೋ ಮೊಸರಲ್ಲೋ ನೆನೆಸಿ, ಎರಡೂ ಬದಿಯ ದವಡೆಗೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ತಿನ್ನಿ. ಒಂದೇ ಬದಿ ಜಗಿಯುವ ರೂಢಿ ಸೆಟ್ಟನ್ನು ಕುಣಿಸುತ್ತದೆ. ಅಡಿಕೆಯನ್ನು ಮಾತ್ರ ಕುಟ್ಟಾಣಿಯಲ್ಲಿ ಕುಟ್ಟಿಯೇ ಹಾಕಿಕೊಳ್ಳಿ.

“ನಮ್ಮವ್ವ ದವಾಖಾನಿಗೆ ಅಡ್ಮಿಟ್ ಆದಾಗ ಸೆಟ್ ಕಳೀತ್ರಿ. ಯಾರದು ಅಂತ ಗೊತ್ತಾಗೂದು ಹೆಂಗ?”

ಹೆಸರು ಹಾಕಿಸಬಹುದು. ತೆಳುವಾದ ಚೀಟಿಯಲ್ಲಿ ಹೆಸರು ಬರೆದು ಸೆಟ್ಟಿನ ಹಿಂಭಾಗದಲ್ಲಿ, ನಾಲಿಗೆಗೆ ತಾಗದ ಕಡೆ, ಪಾರದರ್ಶಕ ರಾಳದೊಳಗೆ ಹುದುಗಿಸುತ್ತೇವೆ. ಮಾಡುವಾಗ ಹೇಳಿದರೆ ಹೆಚ್ಚಿನ ಖರ್ಚಿಲ್ಲ, ರಿಪೇರಿಗೆ ಬಂದಾಗಲೂ ಹಾಕಬಹುದು. ವೃದ್ಧಾಶ್ರಮದಲ್ಲಿ ಇರುವವರಿಗೆ ಇದು ಬೇಕೇ ಬೇಕು. ಆಪರೇಷನ್ನಿಗೆ ಒಳಗೆ ಒಯ್ಯುವ ಮೊದಲು ಸೆಟ್ಟು ತೆಗೆಸುತ್ತಾರೆ, ಕಳೆಯುವುದು ಹೆಚ್ಚಾಗಿ ಆಗಲೇ. ಪೇಪರಿನಲ್ಲಿ ಸುತ್ತಿ ಇಡಬೇಡಿ, ಕಸವೆಂದು ಗುಡಿಸುತ್ತಾರೆ. ಮುಚ್ಚಳದ ಡಬ್ಬಿ ಇರಲಿ.

“ನಾ ಇರೂದು ರೋಣ ತಾಲೂಕಿನಾಗ. ಒಡದಿದ್ದು ಬಸ್ಸಿನಾಗ ಪಾರ್ಸಲ್ ಕಳಿಸಿದ್ರ ನಡೀತೈತೇನ್ರಿ?”

ಬಿದ್ದು ಒಡೆದದ್ದು, ತುಂಡೆಲ್ಲ ಇದೆ, ಅದುವರೆಗೆ ಬಾಯಲ್ಲಿ ಚೆನ್ನಾಗಿ ಕೂತಿತ್ತು ಅಂದರೆ ನಡೆಯುತ್ತದೆ. ರೋಣದಲ್ಲೇ ಇರುವ ಡಾಕ್ಟರಿಗೆ ತೋರಿಸಿ ಅವರ ಕಡೆಯಿಂದಲೇ ಕಳಿಸಿ, ವಾಪಸ್ ಬಂದಮೇಲೆ ಬಾಯಲ್ಲಿಟ್ಟು ನೋಡುವವರು ಅವರೇ ತಾನೆ. ಒದ್ದೆ ಹತ್ತಿಯಲ್ಲಿ ಒಂದೊಂದು ತುಂಡನ್ನೂ ಬೇರೆಬೇರೆ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ಹಾಕಿ. ಎಲ್ಲ ಒಟ್ಟಿಗೆ ಹಾಕಿದರೆ ದಾರಿಯಲ್ಲಿ ಅಂಚು ಒಂದಕ್ಕೊಂದು ತಿಕ್ಕಿ ಸವೆಯುತ್ತವೆ. ಬಾಯಲ್ಲಿ ಒಡೆದದ್ದಾದರೆ ಡಬ್ಬಿ ಒಂದೇ ಬಂದು ಉಪಯೋಗವಿಲ್ಲ, ನೀವೂ ಡಾಕ್ಟರ ಕುರ್ಚಿಗೆ ಬರಬೇಕು.